ಲೀ ಹುವಾ ಸಹಿಯ ಕಾಗದ

ಲೀ ಹುವಾ ಎಂಬ ಹುಡುಗನನ್ನು ಕಂಡವರು ಯಾರೂ ಇಲ್ಲ. ಆದರೂ ನಮ್ಮ ಚೀನಾದಲ್ಲಿ ಇಂಗ್ಲಿಷ್ ಪರೀಕ್ಷೆಗೆ ಕೂತ ಪ್ರತಿಯೊಬ್ಬರೂ ಅವನ ಪರವಾಗಿ ಕಾಗದ ಬರೆದವರೇ. ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ತಪ್ಪದೆ ಬಂದು ನಿಲ್ಲುತ್ತಾನೆ: 'ನೀನು ಲೀ ಹುವಾ ಎಂದುಕೊ. ನಿನ್ನ ವಿದೇಶಿ ಗೆಳೆಯ ಪೀಟರನಿಗೆ ಪತ್ರ ಬರೆ.' ಸ್ವಂತ ಹೆಸರು ಬರೆದೆಯೋ, ಉತ್ತರಪತ್ರಿಕೆಯೇ ರದ್ದು. ಈ ಲೀ ಹುವಾನಿಗೆ ವಯಸ್ಸಾಗುವುದಿಲ್ಲ, ಪಾಸೂ ಆಗುವುದಿಲ್ಲ. ಪೀಟರನೂ ಗಟ್ಟಿ ಆಸಾಮಿ, ಇಷ್ಟು ವರ್ಷದಲ್ಲಿ ಒಂದು ಸಾಲಿನ ಉತ್ತರ ಬರೆದವನಲ್ಲ.

ಲೀ ಹುವಾ ಬರೆಯುವುದೆಲ್ಲ ಸುಳ್ಳು ಎಂಬುದು ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಕಣ್ಣೀರು ಬರಿಸಿದರೆ ಒಂದೆರಡು ಅಂಕ ಹೆಚ್ಚು ಬಿದ್ದೀತೆಂಬ ಆಸೆಯಿಂದ ಒಂದೇ ತರಗತಿಯಲ್ಲಿ, ಒಂದೇ ವಾರದಲ್ಲಿ ಲೀ ಹುವಾನ ಅಜ್ಜ ಹನ್ನೊಂದು ಸಲ ಸತ್ತದ್ದುಂಟು.

ಈ ಕಥೆ ನಡೆದದ್ದು ಹೂನಾನ್ ಪ್ರಾಂತ್ಯದಲ್ಲಿ, ಬೆಟ್ಟದ ಬುಡದ ಒಂದು ಪೇಟೆಯ ಶಾಲೆಯಲ್ಲಿ. ಕೊನೆಯ ವರ್ಷದ ಏಳನೇ ವಿಭಾಗದಲ್ಲಿ ಐವತ್ತೆಂಟು ಮಕ್ಕಳು. ಅವರಲ್ಲಿ ವೆನ್‌ರು ಇಂಗ್ಲಿಷಿನ ಪ್ರತಿನಿಧಿ, ಅಂದರೆ ಎಲ್ಲರ ಅಭ್ಯಾಸದ ಪುಸ್ತಕ ಕೂಡಿಸಿ ಮೇಷ್ಟ್ರಿಗೆ ಒಯ್ದುಕೊಡುವವಳು. ಹೊರಗಿನವರಿಗೆ ಇಷ್ಟೇ ಗೊತ್ತಿತ್ತು. ಇಂಗ್ಲಿಷಿನ ಔಯಾಂಗ್ ಮೇಷ್ಟ್ರಿಗೆ ಮೂರು ತರಗತಿಗಳ ಹೊರೆ, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಹೊಸವರ್ಷದ ರಜೆ ಮುಗಿದ ಮೇಲೆ ಒಂದು ದಿನ ಅವರು ತಮ್ಮ ಕೆಂಪು ಪೆನ್ನನ್ನೇ ಅವಳ ಕೈಗಿಟ್ಟರು.

"ಇನ್ಮೇಲೆ ಪತ್ರಗಳನ್ನ ನೀನೇ ತಿದ್ದಮ್ಮ. ನಿನ್ನ ಅಕ್ಷರ ಹೆಚ್ಚೂಕಮ್ಮಿ ನನ್ನ ಹಾಗೇ ಇದೆ. ಯಾರ ಹತ್ರಾನೂ ಬಾಯಿ ಬಿಡಬೇಡ. ಮೇಷ್ಟ್ರು ನೋಡ್ತಾರೆ ಅನ್ನೋ ಹೆದರಿಕೆ ಇದ್ರೇನೇ ಹುಡುಗ್ರು ಬರೆಯೋದು."

ಅಂದಿನಿಂದ ಪ್ರತಿ ಪುಟದ ಕೆಳಗೆ 'ನೋಡಿದೆ' ಎಂದು ಮೇಷ್ಟ್ರ ಅಕ್ಷರದಲ್ಲಿ ಬರೆದು ತಾರೀಖು ಹಾಕುತ್ತಿದ್ದವಳು ವೆನ್‌ರು. ಹದಿನೇಳರ ಹುಡುಗಿಯ ಕೈಗೆ ಕೆಂಪು ಪೆನ್ನು ಸಿಕ್ಕರೆ ತಲೆ ನೆಟ್ಟಗಿರುತ್ತದೆಯೇ? ಕನ್ನಡಿ ಮುಂದೆ ನಿಂತು ಮೇಷ್ಟ್ರ ಹಾಗೆ ಹುಬ್ಬು ಗಂಟಿಕ್ಕುವುದನ್ನೂ ಅವಳು ಕಲಿತಳು.

ಅವಳ ಪಕ್ಕದ ಜಾಗ ಪೆಂಗ್ ಶ್ವಾಂಗಳದು. ಮೇಲಿನ ಬೆಟ್ಟದ ಹಳ್ಳಿಯಿಂದ ಬಂದು ಶಾಲೆಯಲ್ಲೇ ಉಳಿದುಕೊಂಡಿದ್ದ ಹುಡುಗಿ. ಮಾತು ಕಡಿಮೆ. ಮೇಷ್ಟ್ರ ಕೋಣೆಗೆ ಹೋಗಬೇಕೆಂದರೆ ಬಾಗಿಲಿನಿಂದಲೇ ಹಿಂದಿರುಗುವಳು, ಏಕೆಂದರೆ ಆ ಒಂದೇ ಕೋಣೆಯಲ್ಲಿ ಹದಿನಾಲ್ಕು ಜನ ಮೇಷ್ಟ್ರುಗಳು ಚಹಾ ಹೀರುತ್ತ ಕೂತಿರುತ್ತಿದ್ದರು. ಓದುವುದರಲ್ಲಿ ಅವಳದು ಬೇರೆಯೇ ದಾರಿ. ಮೇಷ್ಟ್ರು ಹೇಳಿಕೊಟ್ಟ ಉಪಾಯ ಎಲ್ಲರಿಗೂ ಬಾಯಿಪಾಠ: ಮೊದಲು ಪ್ರಶ್ನೆ ನೋಡು, ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕು, ಆಚೀಚಿನ ಎರಡು ಸಾಲು ಓದು, ಉತ್ತರಕ್ಕೆ ಗುರುತು ಹಾಕು, ಮುಂದೆ ನಡಿ. ಪಾಠವನ್ನು ಇಡೀ ಓದುವವನು ಹೊತ್ತು ಕಳೆದುಕೊಳ್ಳುತ್ತಾನೆ. ಶ್ವಾಂಗ್ ಮಾತ್ರ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತುಟಿ ಅಲ್ಲಾಡಿಸುತ್ತ ಓದುವಳು. ಒಮ್ಮೆ ಯಾರದೋ ಕಳೆದುಹೋದ ನಾಯಿಯ ಪಾಠ ಬಂದಿತ್ತು. ಗಂಟೆ ಹೊಡೆದಾಗ ಅವಳ ನಾಲ್ಕು ಉತ್ತರ ಖಾಲಿ, ಕಣ್ಣು ಮಾತ್ರ ತುಂಬಿತ್ತು.

"ಅಯ್ಯೋ ನಿನ್ನ, ನಾಯಿ ಸಿಗ್ತೋ ಇಲ್ವೋ ಅಂತ ಅವರು ಕೇಳೇ ಇಲ್ಲ ಕಣೇ," ಎಂದು ವೆನ್‌ರು ನಕ್ಕಳು. "ನಾಯಿಗೆ ಎಷ್ಟು ವಯಸ್ಸು ಅಂತ ಕೇಳಿದಾರೆ ಅಷ್ಟೇ."

"ಅದು ಹಾಗಲ್ವೇ. ಅಷ್ಟು ದೂರದಿಂದ ಬರೆದಿದಾರೆ. ಪೂರ್ತಿ ಓದ್ದೆ ಹೆಂಗೆ ಬಿಡೋದು?"

"ನಿನ್ನಂಥೋರಿಗೆ ಅಂತಲೇ ಮೇಷ್ಟ್ರು ಗಡಿಯಾರ ನೇತು ಹಾಕಿರೋದು."

ಅದೇ ಶ್ವಾಂಗ್ ಮಾರ್ಚ್ ತಿಂಗಳ ಪರೀಕ್ಷೆಯಲ್ಲಿ ಓದಿ ಅರ್ಥಮಾಡಿಕೊಳ್ಳುವ ಭಾಗದಲ್ಲಿ ವೆನ್‌ರುಗಿಂತ ಎರಡು ಅಂಕ ಹೆಚ್ಚು ಪಡೆದಳು. ವೆನ್‌ರು ಬಾಯಲ್ಲಿ "ಭೇಷ್" ಎಂದಳು. ಹೊಟ್ಟೆಯೊಳಗೆ ಮಾತ್ರ ಒಂದು ಸಣ್ಣ ಮೆಣಸಿನಕಾಯಿ ಉರಿಯಿತು.

ಆ ಏಪ್ರಿಲಿನಲ್ಲಿ ಪೆಂಗ್ ಶ್ವಾಂಗ್ ಜೂನ್ ತಿಂಗಳ, ಕಾಲೇಜು ಸೇರಲು ಬರೆಯುವ ದೊಡ್ಡ ಪರೀಕ್ಷೆಗೆ ಕೂರುತ್ತಾಳೋ ಇಲ್ಲವೋ ಎಂಬುದು ಒಂದು ಪುಟದ ಮೇಲೆ ನಿಂತಿತ್ತು. ಆ ಪುಟ ಬಂದು ಬಿದ್ದದ್ದು ವೆನ್‌ರು ಕೈಗೆ.

ಬುಧವಾರ ಮಧ್ಯಾಹ್ನ, ಉಳಿದವರೆಲ್ಲ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದ ಹೊತ್ತು. ವೆನ್‌ರು ಹಿಂದಿನ ಬೆಂಚಿಗೆ ಹೋಗಿ ಪುಸ್ತಕಗಳ ರಾಶಿ ಮುಂದಿಟ್ಟುಕೊಂಡು ತಿದ್ದುತ್ತಿದ್ದಳು. ಆ ವಾರದ ವಿಷಯ, ಕಾಗದ ಕತ್ತರಿಸಿ ಮಾಡಿದ ಚಿತ್ರಗಳ ಪ್ರದರ್ಶನಕ್ಕೆ ಪೀಟರನನ್ನು ಕರೆಯುವುದು. ನಲವತ್ತು ಲೀ ಹುವಾಗಳು ನಲವತ್ತು ಸಲ ಕರೆದಾದ ಮೇಲೆ ಶ್ವಾಂಗಳ ಪುಸ್ತಕ ಬಂತು. ಇಂಗ್ಲಿಷಿನಲ್ಲಿ, ಗುಂಡಗಿನ ಅಕ್ಷರದಲ್ಲಿ ಹೀಗಿತ್ತು:

'ಪ್ರಿಯ ಪೀಟರ್, ಪ್ರದರ್ಶನಕ್ಕೆ ನಾನು ಬರಲಾರೆ. ಭಾನುವಾರ ಮಧ್ಯಾಹ್ನ ನನ್ನ ತಂದೆ ಬರುತ್ತಾರೆ. ಸಮುದ್ರದ ಕಡೆಯ ಊರಿನಲ್ಲಿ ನನ್ನ ಅಕ್ಕ ಕೆಲಸ ಮಾಡುವ ಚಪ್ಪಲಿ ಕಾರ್ಖಾನೆಯಲ್ಲಿ ಒಂದು ಜಾಗ ಖಾಲಿ ಇದೆ, ನನ್ನನ್ನು ಅಲ್ಲಿಗೆ ಕಳಿಸುತ್ತಾರೆ. ಪರೀಕ್ಷೆಗೆ ಇನ್ನು ನಲವತ್ತೈದು ದಿನ. ತಂದೆ ಕೆಟ್ಟವರಲ್ಲ. ಅವರು ಮೇಷ್ಟ್ರುಗಳ ಮಾತಿಗೆ ಬೆಲೆ ಕೊಡುತ್ತಾರೆ. ನಮ್ಮ ಹಳ್ಳಿಯ ಅಂಗಡಿಗೆ ಯಾರಾದರೂ ಫೋನ್ ಮಾಡಿ, ಜೂನ್‌ವರೆಗೆ ತಡೆಯಿರಿ ಎಂದರೆ ತಡೆಯುತ್ತಾರೆ. ಇದನ್ನು ನಮ್ಮ ಭಾಷೆಯಲ್ಲಿ ಹೇಳಲು ಹೊರಟರೆ ಅಳು ಬರುತ್ತದೆ, ಅದಕ್ಕೆ ಹೀಗೆ ಬರೆದಿದ್ದೇನೆ. ನಿನ್ನ, ಲೀ ಹುವಾ.'

ವೆನ್‌ರು ಓದಿದಳು. ಓದಲಿಲ್ಲ ಎಂದು ಹೇಳಿಕೊಳ್ಳುವ ಭಾಗ್ಯವೂ ಅವಳಿಗಿಲ್ಲ. ಅವಳಿಗೆ ಮೊದಲು ಹೊಳೆದದ್ದು, 'ಭಲೆ, ಅಜ್ಜನನ್ನು ಸಾಯಿಸುವ ಬದಲು ಕಾರ್ಖಾನೆ ತಂದಿದ್ದಾಳೆ, ಜಾಣೆ' ಎಂದು. ಎರಡನೆಯದಾಗಿ ಹೊಳೆದದ್ದು, ಪ್ರದರ್ಶನದ ಜಾಗ, ದಿನ, ಹೊತ್ತು, ಒಂದನ್ನೂ ಬರೆದಿಲ್ಲ ಎಂದು. ಆರು ಕಡೆ ಕೆಂಪು ಗೆರೆ ಎಳೆದಳು. ಅಂಚಿನಲ್ಲಿ 'ವಿಷಯಕ್ಕೆ ಸಂಬಂಧವಿಲ್ಲ. ಮತ್ತೆ ಬರೆ' ಎಂದು ಬರೆದಳು. ಇಪ್ಪತ್ತೈದಕ್ಕೆ ಒಂಬತ್ತು. ಹನ್ನೊಂದು ಕೊಡಬಹುದಿತ್ತು, ಮಾರ್ಚ್ ತಿಂಗಳ ಎರಡು ಅಂಕ ನೆನಪಾಗಿ ಒಂಬತ್ತಕ್ಕೆ ನಿಲ್ಲಿಸಿದಳು. ಕೆಳಗೆ, ಮೇಷ್ಟ್ರ ಅಕ್ಷರದಲ್ಲಿ, 'ನೋಡಿದೆ'.

ಗುರುವಾರ ಪುಸ್ತಕ ಹಂಚಿದಾಗ ಶ್ವಾಂಗ್ ತನ್ನದನ್ನು ಮೇಜಿನ ಕೆಳಗೆ ಬಿಡಿಸಿ ನೋಡಿದಳು.

"ವೆನ್‌ರು, ಇದನ್ನ ಮೇಷ್ಟ್ರೇ ಓದಿದ್ರಾ?"

ಮೇಷ್ಟ್ರಿಗೆ ಕೊಟ್ಟ ಮಾತನ್ನು ವೆನ್‌ರು ಉಳಿಸಿಕೊಳ್ಳಬೇಕಿತ್ತು. ಸುಳ್ಳು ಯಾಕೆ, ಕೆಂಪು ಪೆನ್ನಿನ ದೊಡ್ಡಸ್ತಿಕೆಯೂ ಇತ್ತು.

"ಮತ್ತಿನ್ಯಾರು ಓದ್ತಾರೆ, ಪೀಟರಾ?"

"ಪೂರ್ತಿ ಓದಿದ್ರಾ ಅಂತ."

"ಪೂರ್ತಿ ಓದ್ದೆ ಆರು ತಪ್ಪು ಹಿಡಿಯೋಕಾಗುತ್ತೇನೆ? ಒಂಬತ್ತು ಬಂತು ಅಂತ ಮುಖ ಸಣ್ಣ ಮಾಡ್ಕೋಬೇಡ. ಮತ್ತೆ ಬರೆದು ಕೊಡು, ಆಯ್ತು."

"ಏನಾದ್ರೂ ಅಂದ್ರಾ?"

"ಬರೆದಿದಾರಲ್ಲ ಅಲ್ಲೇ."

ಶ್ವಾಂಗ್ ಪುಸ್ತಕ ಮುಚ್ಚಿದಳು. ಶುಕ್ರವಾರ ಊಟದ ಸಾಲಿನಲ್ಲಿ ತನ್ನ ಪಾಲಿನ ಮೊಟ್ಟೆಯನ್ನು ವೆನ್‌ರುವಿನ ಬಟ್ಟಲಿಗೆ ಹಾಕಿದಳು. ಯಾಕೆ ಎಂದರೆ ಹಸಿವಿಲ್ಲ ಎಂದಳು. ಶನಿವಾರ ಇಡೀ ಸಂಜೆ ಬಗ್ಗಿ ಕೂತು ಏನೋ ಬರೆದಳು.

ವಾರಕ್ಕೆ ಒಂದೇ ಅರ್ಧ ದಿನ ಬಿಡುವು, ಭಾನುವಾರ ಮಧ್ಯಾಹ್ನ. ವೆನ್‌ರು ಖಾರ ಶ್ಯಾವಿಗೆ ತಿನ್ನಲು ಹೊರಟಾಗ ಗೇಟಿನ ಪಕ್ಕದ ಕಲ್ಲಿನ ಮೇಲೆ ಶ್ವಾಂಗ್ ಕೂತಿದ್ದಳು. ಪಕ್ಕದಲ್ಲಿ ಬಿಸಿಲಿಗೆ ಸುಟ್ಟ ಮುಖದ ಒಬ್ಬ ಗಂಡಸು, ಕಾಲ ಬಳಿ ಗೊಬ್ಬರದ ಚೀಲದಲ್ಲಿ ಕಟ್ಟಿದ ಹಾಸಿಗೆ.

"ನಿಮ್ಮಪ್ಪನೇನೇ? ನಮಸ್ಕಾರ ಮಾವ, ಬೇಸಿಗೆ ಹೊದಿಕೆ ತಂದ್ರಾ?"

ಆತ ಎದ್ದು ನಿಂತು, ಶಾಲೆಯ ಮಕ್ಕಳ ಮುಂದೆಯೂ ಸಂಕೋಚಪಡುವ ಜಾತಿಯ ಮನುಷ್ಯ, ಸುಮ್ಮನೆ ನಕ್ಕ. ಶ್ವಾಂಗಳ ಕಣ್ಣು ಮೇಷ್ಟ್ರುಗಳ ಮನೆಯಿಂದ ಬರುವ ಓಣಿಯ ಕಡೆಗಿತ್ತು.

"ನೀನು ಹೋಗಿ ತಿನ್ನು," ಎಂದಳು. "ತಡವಾದ್ರೆ ಬಿಸಿ ಶ್ಯಾವಿಗೆ ಖಾಲಿಯಾಗುತ್ತೆ."

ವೆನ್‌ರು ಹೋದಳು. ಅವತ್ತಿನ ಶ್ಯಾವಿಗೆ ಬಹಳ ರುಚಿಯಾಗಿತ್ತು. ಅದನ್ನೂ ಅವಳು ಮರೆತಿಲ್ಲ, ಮರೆಯಬೇಕೆಂದರೂ ಆಗಿಲ್ಲ.

ಸೋಮವಾರ ಪಕ್ಕದ ಜಾಗ ಖಾಲಿ. ಮೇಜಿನೊಳಗೆ ಒಂದು ಚೂರು ಕಾಗದವೂ ಇರಲಿಲ್ಲ. ಹುಷಾರಿಲ್ಲವೇನೋ ಅಂದುಕೊಂಡು ವೆನ್‌ರು ಪುಸ್ತಕಗಳನ್ನು ಕೂಡಿಸಿದಳು. ಎಲ್ಲಕ್ಕಿಂತ ಕೆಳಗೆ, ಎಲ್ಲರಿಗಿಂತ ಮೊದಲೇ ಇಟ್ಟದ್ದು, ಶ್ವಾಂಗಳ ಪುಸ್ತಕ. ತೆರೆದರೆ ಮತ್ತೆ ಬರೆದ ಪತ್ರ. 'ಪ್ರಿಯ ಪೀಟರ್, ನಮ್ಮ ಊರಿನಲ್ಲಿ ಕಾಗದದ ಚಿತ್ರಗಳ ಪ್ರದರ್ಶನವಿದೆ, ನೀನು ಬಂದರೆ ಬಹಳ ಸಂತೋಷ.' ಜಾಗ, ದಿನ, ಹೊತ್ತು, ಎಲ್ಲವೂ ಇದ್ದವು. ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ಲೀ ಹುವಾ ಎಂಬ ಸಹಿಯ ಕೆಳಗೆ ನಮ್ಮ ಭಾಷೆಯಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಸಾಲು: 'ಮೇಷ್ಟ್ರೇ, ತಪ್ಪಾಯಿತು. ಇಷ್ಟು ದಿನ ಕಲಿಸಿದ್ದಕ್ಕೆ ಋಣಿ.'

ವೆನ್‌ರು ಹಿಂದಿನ ಪುಟ ತಿರುಗಿಸಿದಳು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ತುಟಿ ಅಲ್ಲಾಡಿಸುತ್ತ, ಶ್ವಾಂಗ್ ಓದುತ್ತಿದ್ದ ಹಾಗೆ ಓದಿದಳು. ಭಾನುವಾರ. ತಂದೆ. ಗೊಬ್ಬರದ ಚೀಲ.

ಮೇಷ್ಟ್ರ ಕೋಣೆಗೆ ಓಡಿ, ಹದಿನಾಲ್ಕು ಜನರ ಎದುರಿಗೆ, ಪುಸ್ತಕವನ್ನು ಅವರ ಚಹಾದ ಲೋಟದ ಪಕ್ಕ ಇಟ್ಟಳು. ಔಯಾಂಗ್ ಮೇಷ್ಟ್ರು ಓದಿದರು. ಕೆಳಗಿನ 'ನೋಡಿದೆ' ಎಂಬುದರ ಮೇಲೆ ಅವರ ಬೆರಳು ನಿಂತಿತು.

"ಇದು ಬಂದದ್ದು ಯಾವಾಗ?"

"ಬುಧವಾರ, ಸಾರ್. ನಾನು... ಲೀ ಹುವಾನದು ಅಂದ್ಕೊಂಡೆ."

ಮೇಷ್ಟ್ರು ಬಯ್ಯಲಿಲ್ಲ. ಬಯ್ಯಲು ಅವರಿಗೆ ಬಾಯಿ ಎಲ್ಲಿತ್ತು? ದಾಖಲೆ ಪುಸ್ತಕ ತೆಗೆದು ಹಳ್ಳಿಯ ಅಂಗಡಿಯ ನಂಬರು ಹುಡುಕಿ ಫೋನ್ ಮಾಡಿದರು. ಅಂಗಡಿಯವನು ಹೋಗಿ ಕರೆತರುವವರೆಗೆ ಇಬ್ಬರೂ ಕಾದರು. ಆ ಕಡೆಯ ಗಂಡಸು ಫೋನಿನಲ್ಲಿ ಕೂಗಿ ಮಾತಾಡುವ ಹಳ್ಳಿಯವನು, ಹಾಗಾಗಿ ಅವನ ಒಂದೊಂದು ಮಾತೂ ವೆನ್‌ರುಗೆ ಕೇಳಿಸಿತು.

"ಮೇಷ್ಟ್ರಾ? ನೀವಾ ಸಾರ್? ನಿನ್ನೆ ಬಸ್ಸು ಹತ್ತಿಸಿದೆ ಸಾರ್ ಅವಳನ್ನ. ಅವಳ ಅಕ್ಕ ಇರೋ ಕಡೆ ಫೋನಿಲ್ಲ. ಬಂದ ತಕ್ಷಣ ಹೊರಡೋಣ ಅಂದೆ, ಅವಳು ಒಂದು ಗಂಟೆ ತಡಿ ಅಪ್ಪ, ಮೇಷ್ಟ್ರು ಬರಬಹುದು ಅಂದ್ಲು. ನನಗೂ ಮನಸ್ಸಿರ್ಲಿಲ್ಲ ಸಾರ್. ನೀವು ಬಂದು ಒಂದು ಮಾತು ಅಂದ್ರೆ ಹಾಸಿಗೆ ಒಳಗೇ ಇಟ್ಟು ಹೋಗೋಣ ಅಂತಾನೇ ಕೂತಿದ್ದೆ. ಎರಡು ಗಂಟೆ ಹೊತ್ತು ಕೂತ್ವಿ. ಆಮೇಲೆ ಅವಳೇ ಎದ್ಲು."

"ಏನಂದ್ಲು?" ಮೇಷ್ಟ್ರ ದನಿ ಇಳಿದಿತ್ತು.

"ನಡಿ ಅಪ್ಪ ಅಂದ್ಲು. ಮೇಷ್ಟ್ರು ಪೂರ್ತಿ ಓದಿದಾರಂತೆ, ವೆನ್‌ರು ಹೇಳಿದ್ಲು ಅಂದ್ಲು."