ಗೋದಕ್ಕನ ಕಮರಿ ಮತ್ತು ನಾನೆಂಬ ಸ್ಟೆಪ್ನಿ

ನಾನೊಂದು ಸ್ಟೆಪ್ನಿ. ಕಾರ್ಖಾನೆಯ ಬಿಸಿ ಅಚ್ಚಿನಿಂದ ಹೊರಬಿದ್ದ ನಾವು ಐವರು ಟೈರು ಅಣ್ಣತಮ್ಮಂದಿರು ಒಂದೇ ಗಾಡಿ ಸೇರಿದೆವು. ನಾಲ್ವರಿಗೆ ರಸ್ತೆ ಸಿಕ್ಕಿತು, ನನ್ನನ್ನು ಹಿಂಬಾಗಿಲಿಗೆ ನೇತುಹಾಕಿದರು. ಮೊದಲ ಯಜಮಾನ ಮನೆ ಬಿಟ್ಟರೆ ಅಂಗಡಿ, ಅಂಗಡಿ ಬಿಟ್ಟರೆ ಮನೆ. ನಾನು ಧೂಳು ತಿನ್ನುತ್ತ ಹೊಟ್ಟೆಕಿಚ್ಚು ಪಡುತ್ತಿದ್ದೆ.

ಆಮೇಲೆ ಗಾಡಿ ಕೊಂಡವನು ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನೆಲೆಸಿದ ಧಾರವಾಡದ ಶ್ರೀಪಾದ. ಊರಿಂದ ಅವನ ಅಕ್ಕ ಗೋದಕ್ಕ ಬಂದಿದ್ದಳು. ಸರ್ವಿಸ್ ಪೂರ್ತಿ ಮಕ್ಕಳಿಗೆ ಭೂಗೋಳ ಕಲಿಸಿದವಳು. ಬೋರ್ಡಿನ ಮೇಲೆ ಎಷ್ಟೋ ಕಮರಿ ಬರೆದಿದ್ದಳು, ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ವಾಪಸು ಹೋಗುವ ಮುಂಚೆ ಮರುಭೂಮಿಯ ರಾಷ್ಟ್ರೀಯ ಉದ್ಯಾನದಲ್ಲಿರುವ ಕಮರಿಗೆ ಇಳಿಯಲೇಬೇಕೆಂದು ಹಟ ಹಿಡಿದಳು. ಹೊರಟೇಬಿಟ್ಟರು.

ಕೆಂಪು ಮಣ್ಣಿನ ದಾರಿ. ಉದ್ಯಾನ ಇನ್ನೇನು ಬಂತು ಅನ್ನುವಾಗ ನನ್ನಣ್ಣನೊಬ್ಬ ಢಮಾರ್ ಎಂದ. ಸುತ್ತ ನರಪಿಳ್ಳೆಯಿಲ್ಲ, ಫೋನಿಗೆ ಸಿಗ್ನಲ್ಲಿಲ್ಲ. ಮರುದಿನ ಬೆಳಿಗ್ಗೆಯೇ ಹಿಂದಿರುಗದಿದ್ದರೆ ವಿಮಾನ ತಪ್ಪುತ್ತದೆ. ಗೋದಕ್ಕನಿಗೆ ಉಳಿದಿದ್ದು ಅದೊಂದೇ ಮಧ್ಯಾಹ್ನ. ನನಗೆ ಮಾತ್ರ, ಸುಳ್ಳೇಕೆ, ಒಳಗೊಳಗೇ ಖುಷಿ.

"ಅಕ್ಕಾ, ಜ್ಯಾಕ್ ಎಲ್ಲಿ ಅದ?"

"ಆ ಕಬ್ಬಿಣದ ಸಾಮಾನೇನು? ಅದನ್ನ ಮನ್ಯಾಗ ತಗದಿಟ್ಟು ಆ ಜಾಗಾದಾಗ ಕಟಕ್ ರೊಟ್ಟಿ ಡಬ್ಬಿ ಇಟ್ಟೀನಿ. ದಾರ್ಯಾಗ ಹೊಟ್ಟಿ ಹಸೀತದಲ್ಲ!"

ಶ್ರೀಪಾದ ತಲೆಯ ಮೇಲೆ ಕೈಹೊತ್ತು ಕೂತ. ಗೋದಕ್ಕ ಬಗ್ಗಿ ಗಾಡಿಯ ಕೆಳಗೆ ನೋಡಿದಳು.

"ಗಾಡಿ ಎತ್ತಲಿಕ್ಕೆ ಬರಂಗಿಲ್ಲಂದ್ರ ನೆಲಾ ಇಳಸೂಣು. ನದಿ ಏನು ಗುಡ್ಡಾ ಎತ್ತತದೇನು? ಕೊರಕೋತ ಹೋಗ್ತದ."

ಗಾಡಿ ಕುಸಿಯದಂತೆ ಇರುಸಿನ ಕೆಳಗೆ ಚಪ್ಪಟೆ ಕಲ್ಲು ಒಟ್ಟಿದರು. ಗಾಲಿಯ ಬುಡದ ಮಣ್ಣನ್ನು ಅವಳು ಡಬ್ಬಿಯ ಮುಚ್ಚಳದಿಂದ, ಅವನು ಡಬ್ಬಿಯ ಜೊತೆಗಿದ್ದ ಸಟ್ಟುಗದಿಂದ ತೋಡಿದರು. ಅಣ್ಣ ಅಂತರದಲ್ಲಿ ತೂಗಾಡಿದ. ಪುಣ್ಯಕ್ಕೆ ನಟ್ಟು ಬಿಚ್ಚುವ ಪಾನಾ ಗಾಡಿಯಲ್ಲೇ ಇತ್ತು. ಅಣ್ಣನನ್ನು ಬಿಚ್ಚಿ ನನ್ನನ್ನು ಬಿಗಿದರು.

ನಾನು ಮೊದಲ ಸಲ ನೆಲ ಮುಟ್ಟಿದೆ. ಅಬ್ಬಾ, ಕಾದ ಹೆಂಚು! ಆದರೂ ಕುಣಿಯುತ್ತ ಓಡಿದೆ.

ಕಮರಿಯ ಅಂಚಿನವರೆಗೆ ಗಾಡಿ ಹೋಗುವುದಿಲ್ಲ, ನಾನು ದೂರದಲ್ಲೇ ನಿಂತೆ. ಇಳಿಬಿಸಿಲಿನಲ್ಲಿ ಅಕ್ಕ ತಮ್ಮ ಮರಳಿದರು. ಕಮರಿಯ ತಳದ ನೀರಿಗಿಳಿದು ಅವಳ ಸೀರೆ ಮೊಣಕಾಲಿನ ತನಕ ಒದ್ದೆಯಾಗಿತ್ತು.

"ಬೋರ್ಡಿನ ಮ್ಯಾಲೆ ನಾ ಬರೀತಿದ್ದದ್ದು ಬರೇ ಎರಡು ಗೆರಿ, ಶ್ರೀಪಾದ. ಒಳಗ ನಿಂತು ನೋಡಿದ್ರ ಆಕಾಶನ ಒಂದು ಗೆರಿ ಆಗತದ!"

ಅಷ್ಟು ಹೇಳಿ, ಮಕ್ಕಳ ಬೆನ್ನು ತಟ್ಟಿದ ಹಾಗೆ ನನ್ನನ್ನು ತಟ್ಟಿದಳು.

ಈಗ ರಬ್ಬರು ಬಿರಿದು ಗ್ಯಾರೇಜಿನ ಹಿಂದೆ ಬಿದ್ದಿದ್ದೇನೆ. ಪಕ್ಕದಲ್ಲಿ ಬಿದ್ದಿರುವ ಅಣ್ಣಂದಿರು ತಾವು ಸುತ್ತಿದ ಊರುಗಳ ಬಡಾಯಿ ಕೊಚ್ಚುತ್ತಾರೆ. ಕೊಚ್ಚಲಿ. ಗೋದಕ್ಕನನ್ನು ಅವಳ ಕಮರಿಗೆ ಮುಟ್ಟಿಸಿದವನು ನಾನು.