ತೂತು ಚಿಪ್ಪಿನ ಅಳತೆ

ನಾನು ಒಂದು ತೆಂಗಿನ ಚಿಪ್ಪಿನ ಸೌಟು. ಊರು ಅರಸೀಕೆರೆ. ಸೌಟಿಗೆ ಎಲ್ಲರೂ ಕಣ್ಣಿಲ್ಲದ ಹೋಳನ್ನೇ ಆರಿಸುತ್ತಾರೆ. ಚನ್ನಬಸಮ್ಮ ಮಾತ್ರ ಆತುರದಲ್ಲಿ ಕಣ್ಣಿನ ಹೋಳಿಗೆ ಬಿದಿರಿನ ಹಿಡಿ ಸಿಕ್ಕಿಸಿಬಿಟ್ಟಳು. ಹಾಗಾಗಿ ನಾನು ಹುಟ್ಟುತ್ತಲೇ ತೂತು.

ರೈಲ್ವೆ ಸ್ಟೇಷನ್ನಿನ ಎದುರು ಅವಳ ಗಂಡ ಬಿಟ್ಟುಹೋದ ಸೋಡಾ ಅಂಗಡಿ ಇತ್ತು. ಬರಿಯ ಸೋಡಾ ಯಾರಿಗೂ ಬೇಡವಾದಾಗ ಅವಳು ಶುಂಠಿ ಜಜ್ಜಿದಳು. ಒಂದು ಕೊಡ ಸಕ್ಕರೆ ಪಾಕಕ್ಕೆ ಐದು ಚಿಪ್ಪು ಶುಂಠಿರಸ. ನಾನು ಮಡಕೆಯಿಂದ ಮೇಲೇಳುವಷ್ಟರಲ್ಲಿ ಕಾಲು ಭಾಗ ತೂತಿನಿಂದ ವಾಪಸು ಸೋರುತ್ತಿತ್ತು. ಉಳಿದದ್ದೇ ಹದ. ಆ ಶುಂಠಿ ಸೋಡಾಕ್ಕಾಗಿಯೇ ಜನ ರೈಲಿಳಿದು ಓಡಿಬರತೊಡಗಿದರು.

ಮೈದುನ ರುದ್ರಯ್ಯನಿಗೆ ಹೊಟ್ಟೆಯುರಿ. ಗಲ್ಲದ ಮೇಲೆ ಕೈಯಿಟ್ಟು ಕೂತು ನೋಡಿದ, ‘ಐದು ಚಿಪ್ಪು’ ಎಂದು ಬರೆದುಕೊಂಡ. ಅಂಗಡಿಯ ಪರವಾನಗಿ ಅವನ ಹೆಸರಿನಲ್ಲಿತ್ತು. ಒಂದು ಬೆಳಿಗ್ಗೆ ಅತ್ತಿಗೆಯನ್ನು ಹೊರಗೆ ಹಾಕಿದ. ಈ ತೂತು ಚಿಪ್ಪು ಯಾರಿಗೆ ಬೇಕು ಎಂದು ನನ್ನನ್ನೂ ಅವಳ ಹಿಂದೆಯೇ ಬೀದಿಗೆ ಎಸೆದ. ನನ್ನ ಅಂಚು ಒಡೆಯಿತು. ಆ ಏಟನ್ನು ನಾನು ಮರೆತಿಲ್ಲ.

ಅವನು ಬಾಟಲಿಗೆ ತನ್ನ ಫೋಟೋ ಅಂಟಿಸಿ, ಇದನ್ನು ಕಂಡುಹಿಡಿದವನೇ ನಾನು ಎಂದು ಊರೆಲ್ಲ ಸಾರಿದ. ತೂತಿಲ್ಲದ ಹೊಸ ಸೌಟಿನಲ್ಲಿ ಭರ್ತಿ ಐದು ಚಿಪ್ಪು ಸುರಿದ. ಕುಡಿದವರ ಗಂಟಲು ಉರಿಯಿತು. ಬಾಟಲಿಗಳು ಹೋದ ದಾರಿಯಲ್ಲೇ ವಾಪಸು ಬಂದವು. ನನಗೆ ಹಬ್ಬ!

ಕೊನೆಗೆ ಅವನೇ ಅವಳ ಗುಡಿಸಲಿಗೆ ಬಂದು, ಅಳತೆ ಆ ಹಳೇ ಚಿಪ್ಪಿನದು, ಅದನ್ನು ಕೊಡಿ ಎಂದು ಕೈಮುಗಿದ. ಚನ್ನಬಸಮ್ಮ ಒಳಗೆ ಹೋಗಿ ಚಿಟಿಕೆ ಜೇನುಮೇಣದಿಂದ ನನ್ನ ಕಣ್ಣು ಮುಚ್ಚಿ ತಂದುಕೊಟ್ಟಳು.

“ತೂತೂ ಮುಚ್ಚಿ ಕೊಟ್ರಲ್ಲ ಅತ್ತಿಗೆ. ದೊಡ್ಡ ಮನಸ್ಸು.”

“ನಿನ್ನ ಕೈಗೆ ಬರೋದು ರುದ್ರಯ್ಯ, ಸೋರಬಾರ್ದು ನೋಡು.”

ಅವಳನ್ನು ಬಿಟ್ಟು ಹೋಗಲು ಸಂಕಟವಾಯಿತು. ಆದರೂ ಖುಷಿಯಿಂದಲೇ ಹೋದೆ. ಅಂದೇ ಅವಳು ಇನ್ನೊಂದು ಕಾಯಿ ಒಡೆದು ಕಣ್ಣಿನ ಹೋಳನ್ನು ಎತ್ತಿಟ್ಟುಕೊಂಡಿದ್ದಳು.

ಈಗ ನನಗೂ ವಯಸ್ಸಾಗಿದೆ, ಅವನಿಗೂ. ಅವನ ಅಂಗಡಿ ಬಾಗಿಲು ಹಾಕಿ ವರ್ಷಗಳಾದವು. ರೈಲು ನಿಂತಾಗಲೆಲ್ಲ ‘ಚನ್ನಬಸಮ್ಮನ ಸೋಡಾ’ ಎಂಬ ಕೂಗು ಮೂಲೆಯ ಮೊಳೆಯಲ್ಲಿ ತೂಗುವ ನನ್ನವರೆಗೂ ಕೇಳುತ್ತದೆ. ಆಗ ಅವನು ನನ್ನನ್ನು ಕೆಳಗಿಳಿಸಿ, ತಪ್ಪಿದ್ದು ಎಲ್ಲಿ ಎಂದು ತಿರುಗಿಸಿ ತಿರುಗಿಸಿ ನೋಡುತ್ತಾನೆ. ಒಂದು ಬೆಂಕಿಕಡ್ಡಿಯಿಂದ ಚುಚ್ಚಿದರೆ ಸಾಕಿತ್ತು. ಅವನು ಮಾತ್ರ ಮೇಣ ಸಡಿಲವಾದೀತೆಂದು ಹೆದರಿ, ಹೆಬ್ಬೆರಳಿನಿಂದ ಇನ್ನಷ್ಟು ಗಟ್ಟಿಯಾಗಿ ಒತ್ತುತ್ತಾನೆ.

ಒತ್ತಲಿ.