ಹರಸಿದವಳ ಬೂಟು

ಆ ಶುಕ್ರವಾರ ಉರ್ಕಿಯಾ ಹೊಸ ಬೂಟು ಹಾಕಿಕೊಂಡೇ ಹೊಲಿಗೆಗೆ ಕೂತಿದ್ದಳು. ಮೇಜಿನ ಮೇಲಿನ ಪರದೆ ಬಟ್ಟೆ ನೆಲದವರೆಗೂ ಇಳಿಬಿದ್ದಿದ್ದರಿಂದ ಯಾರ ಕಣ್ಣಿಗೂ ಅದು ಬೀಳುವಂತಿರಲಿಲ್ಲ. ಬೆಟ್ಟ ಹತ್ತಿ ಇಳಿಯುವವರ ಬೂಟು. ತಳ ದಪ್ಪ, ಹಿಮ್ಮಡಿ ಬಿಗಿ. ವಾರವಿಡೀ ಮನೆಯಲ್ಲಿ ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡಿ ಅದನ್ನು ಪಳಗಿಸಿದ್ದಳು. ಅವಳೊಬ್ಬಳೇ ಇರುವ ಮನೆಯಲ್ಲಿ ಆ ಸದ್ದು ಇನ್ಯಾರೋ ನಡೆದಾಡಿದ ಹಾಗೆ ಕೇಳುತ್ತಿತ್ತು. "ನೆಂಟರು ಬಂದಿದಾರಾ?" ಎಂದು ಕೆಳಗಿನ ಮನೆಯಾಕೆ ಕೇಳಿದಾಗ ಉರ್ಕಿಯಾ ಹೂಂ ಎಂದುಬಿಟ್ಟಿದ್ದಳು.

ಶಾರಿನ್ ಕಮರಿಗೆ ಹೋಗುವ ಮಾತು ಹುಟ್ಟಿದ್ದು ರಸ್ತೆ ಮಟ್ಟಕ್ಕಿಂತ ತಗ್ಗಿನಲ್ಲಿದ್ದ ಹೊಲಿಗೆ ಅಂಗಡಿಯ ಚಹಾದ ಹೊತ್ತಿನಲ್ಲಿ. ತೆಗೆದವಳು ಆಯ್ಗಾನಿಮ್, ಪರದೆಗಳಿಗೆ ಅಂಚು ಹೊಲಿಯುವ ಹುಡುಗಿ. ಆಲ್ಮಾಟಿಯಲ್ಲೇ ಹುಟ್ಟಿ ಬೆಳೆದು ಇನ್ನೂ ಆ ಕಮರಿ ನೋಡಿಲ್ಲ ಎಂದರೆ ನಗುತ್ತಾರೆ ಎಂದಳು. ಶುಕ್ರವಾರ ಸಂಜೆ ಹೊರಡುವುದು, ಬೆಳಿಗ್ಗೆ ಕಮರಿಗಿಳಿದು ನದಿಯವರೆಗೆ ನಡೆಯುವುದು, ಒಂದು ರಾತ್ರಿ ದಂಡೆಯಲ್ಲಿ ಗುಡಾರ ಹಾಕಿ ಭಾನುವಾರ ವಾಪಸ್ಸು. ಪರದೆಗಳನ್ನು ಮನೆಮನೆಗೆ ಮುಟ್ಟಿಸುವ ವ್ಯಾನ್ ಇತ್ತು, ಅದನ್ನು ಓಡಿಸುವ ಯೆರ್ಸಿನ್ ಇದ್ದ.

"ನೀರು ಜಾಸ್ತಿ ತಗೋಬೇಕು," ಎಂದಳು ಆಯ್ಗಾನಿಮ್. "ಯೆರ್ಸಿನ್ ಒಬ್ಬನಿಗೇ ಒಂಟೆಗೆ ಬೇಕಾದಷ್ಟು ಬೇಕು."

"ಒಂಟೆ ಕುಡಿಯೋದು ಕಮ್ಮಿ ಕಣೇ, ಹೊರೋದೇ ಜಾಸ್ತಿ," ಎಂದ ಯೆರ್ಸಿನ್. "ನಿನ್ನ ಚೀಲ ಯಾರ ಬೆನ್ನಿಗೆ ಬೀಳತ್ತೆ ಅಂತ ನಂಗೊತ್ತಿಲ್ವಾ?"

"ನದಿ ಇದೆಯಲ್ಲ, ನೀರು ಯಾಕೆ ಹೊರಬೇಕು?" ಎಂದು ಯಾರೋ ಕೇಳಿದರು.

ಆಗ ಉರ್ಕಿಯಾ ತಲೆ ಎತ್ತದೆ ಹೇಳಿದಳು: "ನದಿ ಸಿಗೋದು ಕೊನೇಲಿ. ಅಲ್ಲೀ ತನಕ ಎರಡೂ ಕಡೆ ಕೆಂಪು ಬಂಡೆ, ಒಲೆ ಇದ್ದ ಹಾಗೆ. ಬೆಳಕು ಹರಿಯೋದರೊಳಗೆ ಇಳಿಯೋಕೆ ಶುರು ಮಾಡ್ಬೇಕು. ಬಿಸಿಲು ನೆತ್ತಿಗೆ ಬರೋ ಹೊತ್ತಿಗೆ ನದಿ ಹತ್ರ ಮರದ ಕೆಳಗಿರ್ಬೇಕು. ಆ ಮರ ಕಡಿಯೋ ಹಾಗಿಲ್ಲ, ರಾಷ್ಟ್ರೀಯ ಉದ್ಯಾನ ಅದು. ಗ್ಯಾಸ್ ಒಲೆ ತಗೊಳ್ಳಿ."

ಎಲ್ಲರೂ ಅವಳ ಕಡೆ ತಿರುಗಿದರು.

"ಯಾವಾಗ ಹೋಗಿದ್ರಿ ಅಕ್ಕ?"

"ಹೋಗಿಲ್ಲ. ಅಂಚಲ್ಲಿ ನಿಂತಿದ್ದೆ ಅಷ್ಟೆ."

ಉರ್ಕಿಯಾಳ ಊರು ಕೆಗೆನ್ ಕಡೆ, ಆ ಕಮರಿಗಿಂತ ಆಚೆ. ಚಿಕ್ಕವಳಿದ್ದಾಗ ಅಜ್ಜನ ಜೊತೆ ಲಾರಿಯಲ್ಲಿ ಪಟ್ಟಣಕ್ಕೆ ಬರುವಾಗ, ಅಜ್ಜ ಒಮ್ಮೆ ಕಮರಿಯ ಅಂಚಿನಲ್ಲಿ ಲಾರಿ ನಿಲ್ಲಿಸಿದ್ದ. ಸಂಜೆಯ ನಮಾಜು ಮುಗಿಸಿ, ಅಂಗೈ ತೆರೆದು, ತನಗೆ ಬಾಯಿಪಾಠವಿದ್ದ ಹರಸುವ ಸಾಲುಗಳನ್ನು ಎಂದಿನಂತೆ ರಾಗವಾಗಿ ಹೇಳಿ ಆಮೀನ್ ಎಂದ. ಕೆಳಗಿನಿಂದ, ಯಾರೋ ಬಹಳ ಜನ ಸಾವಕಾಶವಾಗಿ ಹೇಳಿದ ಹಾಗೆ, ಆಮೀನ್ ತಿರುಗಿ ಬಂತು. "ನೋಡಿದ್ಯಾ ಮಗೂ, ನಮ್ಮನೆ ಜನಕ್ಕಿಂತ ಅವರಿಗೇ ಭಕ್ತಿ ಜಾಸ್ತಿ," ಎಂದು ಅಜ್ಜ ನಕ್ಕಿದ್ದ. ಕೆಳಗಿಳಿಯೋಣ ಎಂದು ಅವಳು ಹಟ ಮಾಡಿದಳು. ಮುಂದಿನ ಸಲ ಎಂದ. ಆ ಮುಂದಿನ ಸಲ ಬರಲೇ ಇಲ್ಲ. ಅಜ್ಜ ತೀರಿಕೊಂಡ, ಲಾರಿ ಬೇರೆ ದಾರಿ ಹಿಡಿಯಿತು, ಅವಳು ಪಟ್ಟಣಕ್ಕೆ ಬಂದು ಮಂದಿಯ ಮನೆಗಳಿಗೆ ಪರದೆ ಹೊಲಿಯುತ್ತ ಉಳಿದಳು. ಅಜ್ಜನ ಸಾಲುಗಳು ಮಾತ್ರ ಅವಳ ನಾಲಿಗೆಯ ಮೇಲಿದ್ದವು. ಅಂಗಡಿಯಲ್ಲಿ ಯಾರಿಗೆ ಮಗು ಹುಟ್ಟಲಿ, ಯಾರು ಹೊಸ ಮನೆಗೆ ಹೋಗಲಿ, ಹರಸಲು ಉರ್ಕಿಯಕ್ಕನೇ ಬೇಕು.

ಬನ್ನಿ ಎಂದು ಅವಳನ್ನು ಯಾರೂ ಕರೆದಿರಲಿಲ್ಲ. ಬೇಡ ಎಂದೂ ಯಾರೂ ಅಂದಿರಲಿಲ್ಲ. ನಾನೂ ಬರಲಾ ಎಂದು ಕಿರಿಯರ ಬಳಿ ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಅದರ ಬದಲು ತನ್ನ ದೊಡ್ಡ ಥರ್ಮಾಸು ತಂದುಕೊಟ್ಟಳು. ನೆಲಕ್ಕೆ ಹಾಸಲು ಉಣ್ಣೆಯ ಜಮಖಾನೆ ತಂದಳು. ಗುರುವಾರ ಕೂತು ಬೌರ್ಸಾಕ್ ಎಂಬ ಹಿಟ್ಟಿನ ಉಂಡೆ ಕರಿದು, ಆರಿಸಿ, ಬಟ್ಟೆಚೀಲದಲ್ಲಿ ಕಟ್ಟಿದಳು. "ಅಕ್ಕ ಇಲ್ದಿದ್ರೆ ನಾವು ಹಸಿದು ಸಾಯ್ತಿದ್ವಿ," ಎಂದ ಯೆರ್ಸಿನ್. ಆ ಮಾತನ್ನೇ ಅವಳು ಕರೆಯೋಲೆ ಎಂದುಕೊಂಡಳು. ತನ್ನ ಚೀಲವನ್ನೂ ಕಟ್ಟಿ, ಇಸ್ತ್ರಿ ಹಲಗೆಯ ಹಿಂದೆ ಇಟ್ಟಳು.

ಸಂಜೆಯಾಯಿತು. ವ್ಯಾನಿಗೆ ಸಾಮಾನು ತುಂಬಿದರು. ತನ್ನ ಚೀಲ ತರಲು ಉರ್ಕಿಯಾ ಇನ್ನೇನು ಏಳಬೇಕು, ಅಷ್ಟರಲ್ಲಿ ಎಲ್ಲರೂ ಮೆಟ್ಟಿಲಿಳಿದು ಒಳಗೆ ಬಂದು ಅವಳ ಮೇಜಿನ ಮುಂದೆ ಸಾಲಾಗಿ ನಿಂತರು. ಆಯ್ಗಾನಿಮ್ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು.

"ಅಕ್ಕ, ಬಾತಾ ಕೊಡಿ. ಹೊರಡ್ತೀವಿ."

ಎಲ್ಲರ ಅಂಗೈಗಳೂ ಎದೆಯ ಮುಂದೆ ತೆರೆದಿದ್ದವು.

ಹೊರಟವರು ಬಾತಾ, ಅಂದರೆ ಹರಕೆ, ಬೇಡುವುದು ಉಳಿಯುವವರ ಮುಂದೆ. ಇದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳು ಏಳಲಿಲ್ಲ, ಎದ್ದರೆ ಬೂಟು ಕಾಣುತ್ತಿತ್ತು. ಹೊಲಿಗೆಯಿಂದ ಸೂಜಿ ತೆಗೆದು ಸೂಜಿದಿಂಬಿಗೆ ಚುಚ್ಚಿದಳು, ತಲೆವಸ್ತ್ರ ಸರಿಮಾಡಿಕೊಂಡಳು, ಅಂಗೈ ತೆರೆದಳು. ಅಂಗೈಯನ್ನೇ ನೋಡುತ್ತ ಕೂತಳು. ಹುಡುಗರು ಅದನ್ನು ಭಕ್ತಿ ಎಂದುಕೊಂಡು ಇನ್ನಷ್ಟು ತಲೆ ತಗ್ಗಿಸಿದರು. ಆಮೇಲೆ, ದಾರಿಹೋಕರನ್ನು ಕಾಯುವ ಸಂತ ಕಿದಿರನನ್ನು ಕರೆಯುವ ಅಜ್ಜನ ರಾಗ ತಾನಾಗಿಯೇ ಬಂತು:

"ಹೋಗುವ ಹಾದಿ ಹಗುರಾಗಲಿ,
ಬೇಗೆಯ ಬಂಡೆ ತಂಪಾಗಲಿ,
ಸಾಗುವ ಕಾಲಿಗೆ ಕಿದಿರ್ ಅಜ್ಜ ಜೊತೆಯಾಗಲಿ,
ಬಾಗಿಲು ಕಾದವರಿಗೆ ನಿಮ್ಮ ಮುಖ ನಗುತ್ತ ಸಿಗಲಿ."

"ಆಮೀನ್," ಎಂದು ಎಲ್ಲರೂ ಮುಖ ಸವರಿಕೊಂಡರು.

"ಇಂಥ ಹರಕೆ ಸಿಕ್ಕಿದ್ಮೇಲೆ ಟೈರು ಪಂಕ್ಚರ್ ಆಗೋದೂ ಕಷ್ಟ," ಎಂದ ಯೆರ್ಸಿನ್. ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಮೆಟ್ಟಿಲು ಹತ್ತಿ ಹೋದರು.

ಉರ್ಕಿಯಾ ಎದ್ದು ಇಸ್ತ್ರಿ ಹಲಗೆಯ ಹಿಂದಿನಿಂದ ಚೀಲ ತೆಗೆಯುತ್ತಿದ್ದಾಗ ಆಯ್ಗಾನಿಮ್ ಓಡುತ್ತ ವಾಪಸ್ಸು ಬಂದಳು. ಕೆಟಲ್ ಮರೆತಿದ್ದಳು. ಅವಳ ಕಣ್ಣು ಮೊದಲು ಚೀಲದ ಮೇಲೆ, ಆಮೇಲೆ ಬೂಟಿನ ಮೇಲೆ ನಿಂತಿತು.

"ಅಕ್ಕಾ..."

"ಕೆಟಲ್ ಕಿಟಕಿ ಹತ್ರ ಇದೆ."

"ನೀವು ಬರ್ಬೇಕು ಅಂತಿದ್ರಾ? ಒಂದ್ಮಾತು ಅನ್ಬಾರ್ದಿತ್ತಾ? ನಿಮ್ಮಂಥವರನ್ನ ಗುಡಾರದಲ್ಲಿ ನೆಲದ ಮೇಲೆ ಮಲಗಿ ಅಂತ ಹೇಗೆ ಕರೆಯೋದು ಅಂತ ನಾವೇ ಸುಮ್ನಾದ್ವಿ." ಅವಳ ಕಿವಿ ಕೆಂಪಾಗಿತ್ತು. "ಬನ್ನಿ ಅಕ್ಕ. ಒತ್ತಿ ಕೂತ್ರೆ ಆಯ್ತು. ನಾನು ಸಾಮಾನಿನ ಮೇಲೆ ಕೂತ್ಕೋತೀನಿ."

ಹೊರಗೆ ವ್ಯಾನಿನ ಹಾರನ್ ಕೂಗಿತು. ಉರ್ಕಿಯಾ ಹುಡುಗಿಯ ಮುಖ ನೋಡಿದಳು. ಆ ಮುಖದಲ್ಲಿ ಮರುಕವಿತ್ತು, ಅವಸರವಿತ್ತು. ಅವಳು ಕಾದದ್ದು ಇವೆರಡಕ್ಕೂ ಅಲ್ಲ.

"ಏ ಹುಚ್ಚಿ, ಅಂಗಡಿ ನೆಲ ಥಂಡಿ ಅಂತ ತಗೊಂಡಿದ್ದು ಇದು. ಚೀಲದಲ್ಲಿ ಒಗೆಯೋ ಬಟ್ಟೆ ಇದೆ. ಹರಕೆ ಆದ್ಮೇಲೆ ಹೊಸ್ತಿಲು ದಾಟಿ ಒಳಗೆ ಬಂದಿದ್ದೇ ತಪ್ಪು, ಇನ್ನು ನಿಲ್ಬೇಡ. ಹೋಗು."

"ನಿಜವಾಗ್ಲೂ?"

"ಹೋಗು ಅಂದ್ನಲ್ಲ. ಕೆಳಗಿಳಿದ ಮೇಲೆ ಒಂದ್ಸಲ ಜೋರಾಗಿ ಆಮೀನ್ ಅನ್ನು. ಏನು ಕೇಳಿಸ್ತು ಅಂತ ಬಂದು ಹೇಳು."

ಹುಡುಗಿ ಕೆಟಲ್ ಹಿಡಿದು, ಹಿಂತಿರುಗಿ ನೋಡುತ್ತಲೇ ಹೋದಳು. ವ್ಯಾನಿನ ಬಾಗಿಲು ಸರಿದು ಮುಚ್ಚಿದ ಸದ್ದು ಕೇಳಿತು.

ಉರ್ಕಿಯಾ ದೀಪ ಆರಿಸಿ, ಅಂಗಡಿಗೆ ಬೀಗ ಹಾಕಿ, ಚೀಲ ಬೆನ್ನಿಗೇರಿಸಿ ಬೆಟ್ಟದ ದಿಕ್ಕಿನ ಏರುಬೀದಿಯಲ್ಲಿ ಮನೆಯ ಕಡೆ ನಡೆದಳು. ರಸ್ತೆಬದಿಯ ಕಾಲುವೆಯಲ್ಲಿ ನೀರು ಎದುರು ದಿಕ್ಕಿಗೆ ಹರಿಯುತ್ತಿತ್ತು. ಅಷ್ಟು ಪಳಗಿಸಿದ್ದರೂ ಬೂಟು ಬಲಗಾಲಿನ ಕಿರುಬೆರಳನ್ನು ಕಚ್ಚುತ್ತಿತ್ತು. ಈ ಹೊತ್ತಿಗೆ ಅವರು ಪಟ್ಟಣ ದಾಟಿರುತ್ತಾರೆ, ಬೌರ್ಸಾಕ್ ಚೀಲ ಬಿಚ್ಚಿರುತ್ತಾರೆ ಎಂದುಕೊಂಡಳು. ಅಂಗೈ ತೆರೆಯಬೇಕು ಅನಿಸಿತು. ಆದರೆ ತನಗೆ ತಾನೇ ಬಾತಾ ಕೊಟ್ಟುಕೊಳ್ಳುವ ಪದ್ಧತಿ ಎಲ್ಲೂ ಇಲ್ಲ. ಅದನ್ನು ಇನ್ನೊಬ್ಬರ ಬಾಯಿಂದಲೇ ಪಡೆಯಬೇಕು.

ಅವಳ ಮನೆಯ ತಿರುವಿನಲ್ಲಿ ಗುರುತಿಲ್ಲದ ಒಬ್ಬ ಮುದುಕಿ ಬಕೆಟ್ಟಿನಲ್ಲಿ ಸೇಬು ಇಟ್ಟುಕೊಂಡು ಕೂತಿದ್ದಳು. ಅವಳು ಬೂಟು ನೋಡಿದಳು, ಬೆನ್ನಿನ ಚೀಲ ನೋಡಿದಳು.

"ದಾರಿ ಒಳ್ಳೇದಾಗ್ಲಿ ಮಗಳೇ. ಎಲ್ಲಿಗೆ?"

ಪ್ರಯಾಣಿಕರು ಕಂಡಾಗ ಯಾರು ಬೇಕಾದರೂ ಅನ್ನುವ ಮಾತು ಅದು. ಉರ್ಕಿಯಾ ನಿಂತಳು.

"ಶಾರಿನ್ ಕಡೆ, ಅಜ್ಜಿ."

"ಈ ಹೊತ್ತಲ್ಲಿ? ಅದೂ ಒಬ್ಬಳೇ?" ಮುದುಕಿ ಬಕೆಟ್ಟಿನಿಂದ ದೊಡ್ಡ ಸೇಬೊಂದನ್ನು ಆರಿಸಿ, ತಲೆವಸ್ತ್ರದ ತುದಿಗೆ ಒರೆಸಿ ಅವಳ ಕೈಗಿಟ್ಟಳು. "ದೇವ್ರು ಜೊತೆಗಿರ್ಲಿ. ದಾರೀಲಿ ತಿನ್ನು."

"ಆಮೀನ್," ಎಂದಳು ಉರ್ಕಿಯಾ, ತುಸು ಜೋರಾಗಿಯೇ. ಗೋಡೆಗಳು ಏನೂ ಹೇಳಲಿಲ್ಲ. ಮುದುಕಿ ನೋಡುತ್ತಿದ್ದುದರಿಂದ ಮನೆಯ ಕಡೆ ತಿರುಗಲಾಗಲಿಲ್ಲ. ಹರಕೆ ಪಡೆದವಳಂತೆ, ಸೇಬು ಕೈಯಲ್ಲಿ ಹಿಡಿದು, ತನ್ನ ಮನೆಯ ತಿರುವು ದಾಟಿ, ರಸ್ತೆ ಇರುವವರೆಗೂ ಮೇಲಕ್ಕೆ ನಡೆದಳು.